ಅತ್ತೆ ತೊಳೆದ ಟ್ಯಾಬ್ಲೆಟ್

ಮನುಷ್ಯನಿಗೆ ತನ್ನ ಕಸುಬಿನ ಮಾತು ಎಷ್ಟು ಅಂಟಿಕೊಂಡಿರುತ್ತದೆಂದರೆ, ಅದೇ ಮಾತು ಬೇರೆಯವರ ಬಾಯಲ್ಲಿ ಬೇರೆ ಅರ್ಥದಲ್ಲಿ ಬಂದರೂ ಅವನ ಕಿವಿಗೆ ತನ್ನ ಅಂಗಡಿಯ ಮಾತೇ ಕೇಳಿಸುತ್ತದೆ. ನನ್ನ ಪಕ್ಕದ ಅಂಗಡಿಯ ಟೇಲರ್ ಮುಂದೆ ಒಬ್ಬರು, "ನಾಳೆ ಹೊಲದ ಅಳತಿ ಅದ" ಎಂದಾಗ ಆತ ತಲೆ ಎತ್ತದೆ, "ಬಟ್ಟಿ ತಂದೀರೇನ್ರಿ?" ಎಂದು ಕೇಳಿದ. ನಾನು ನಕ್ಕಿದ್ದೆ. ನಗುವ ಹಕ್ಕು ನನಗೆ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಸೇಡಂನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಶರಣಪ್ಪ ಎಂದಷ್ಟೇ ಹೇಳಿದರೆ ಊರಿನ ಅರ್ಧ ಜನಕ್ಕೆ ನನ್ನ ಗುರುತು ಸಿಗುವುದಿಲ್ಲ; 'ಗುಳಿಗಿ ಶರಣಪ್ಪ' ಎಂದರೆ ಥಟ್ಟನೆ ಸಿಗುತ್ತದೆ. ಇಂಥವನಿಗೆ ಟ್ಯಾಬ್ಲೆಟ್ ಎಂದರೆ ಬೇರೆ ಏನು ಹೊಳೆಯಬೇಕು ಹೇಳಿ.

ಅಂಗಡಿಯಲ್ಲಿ ಗಿರಾಕಿಗಳು ಮುತ್ತಿಕೊಂಡಿದ್ದ ಒಂದು ಮಧ್ಯಾಹ್ನ ಹೆಂಡತಿ ಜಗದೇವಿಯ ಫೋನು ಬಂತು. "ಏನ್ರಿ, ಅವ್ವ ಟ್ಯಾಬ್ಲೆಟ್ ನೀರಾಗ ಹಾಕ್ಯಾಳ್ರಿ!" ಎಂದು ಕೂಗಿದಳು. ಕೆಮ್ಮಿನ ಔಷಧಿ ಹುಡುಕುತ್ತಿದ್ದ ನಾನು ಬಹಳ ಸಮಾಧಾನದಿಂದ, "ಹಾಕ್ಲಿ ಬಿಡು. ನುಂಗಾಕ ತ್ರಾಸ ಆಗತಿರಬೇಕು. ಕರಗಿದ ಮ್ಯಾಲ ಗಟಗಟ ಕುಡಿ ಅಂತ ಹೇಳು" ಎಂದೆ. ಗಿರಾಕಿಯ ಮುಂದೆ ನನ್ನ ಜ್ಞಾನ ಇನ್ನಷ್ಟು ಪ್ರದರ್ಶನವಾಗಲಿ ಎಂದು, "ಬಿಪಿದೋ, ವಿಟಮಿನ್‌ದೋ?" ಎಂದೂ ಸೇರಿಸಿದೆ. "ದೊಡ್ಡವ್ವನ ಮಾರಿ ನೋಡೋದ್ರಿ!" ಎಂದು ಜಗದೇವಿ ಚೀರಿದಳು. ಆಗ ಕೆಮ್ಮಿನ ಔಷಧಿ ಹುಡುಕುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಈ ಟ್ಯಾಬ್ಲೆಟ್ಟಿನ ಹಿಂದಿನ ಸಂಗತಿ ಸ್ವಲ್ಪ ಹೇಳಬೇಕು. ಅಂಗಡಿಯ ಮಾಲಿನ ಲೆಕ್ಕ ಇಡುತ್ತೇನೆಂದು ಅದನ್ನು ಕೊಂಡವನು ನಾನೇ. ಮಾರುವವನು ನಯವಾಗಿ ಮಾತಾಡಿ, ಕಂಪನಿಯ ವಾರಂಟಿಯ ಮೇಲೆ 'ವಿಶೇಷ ರಕ್ಷಣಾ ಯೋಜನೆ'ಯನ್ನೂ ನನಗೆ ಹಚ್ಚಿದ. ಆದರೆ ಅದು ಅಂಗಡಿಗೆ ಹೋಗಲೇ ಇಲ್ಲ. ಆ ಹೊತ್ತಿಗೆ ಆಡಕಿಯಿಂದ ನನ್ನ ಅತ್ತೆ ನೀಲಮ್ಮನವರು ಕಣ್ಣಿನ ಪೊರೆಯ ಆಪರೇಷನ್ನಿಗೆಂದು ನಮ್ಮ ಮನೆಗೆ ಬಂದಿದ್ದರು. ಅತ್ತ ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಅವರ ಅಕ್ಕ, ಅಂದರೆ ಜಗದೇವಿಯ ದೊಡ್ಡವ್ವ, ಗುರಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದರು. ಕಣ್ಣಿಗೆ ಧೂಳು ಬೀಳಬಾರದು, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ತಂಗಿ ಹೋಗುವಂತಿರಲಿಲ್ಲ, ಅಕ್ಕ ಏಳುವಂತಿರಲಿಲ್ಲ. ಹಾಗಾಗಿ ಸಂಜೆಯಾದರೆ ಸಾಕು, ಇಬ್ಬರೂ ಈ ಟ್ಯಾಬ್ಲೆಟ್ಟಿನ ವಿಡಿಯೋ ಕರೆಯಲ್ಲಿ ಎದುರುಬದುರು. ಮಾತೇ ಇರಬೇಕೆಂದಿಲ್ಲ. ಇಲ್ಲಿ ಅತ್ತೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರೆ, ಅಲ್ಲಿ ಗುರಮ್ಮ ಮಲಗಿಕೊಂಡೇ, "ದಂಟು ಜಾಸ್ತಿ ಬಿಡಾಕತ್ತಿ" ಎಂದು ತಿದ್ದುವರು. ಜಗದೇವಿಯ ಫೋನಿನಲ್ಲಿ ಒಮ್ಮೆ ತೋರಿಸಿದಾಗ ಅತ್ತೆ ಒಪ್ಪಿರಲಿಲ್ಲ. "ಇದು ನಮ್ಮಕ್ಕ ಅಲ್ಲ, ರೇಷನ್ ಕಾರ್ಡಿನ ಫೋಟೋ ಅದ" ಎಂದು ಪಕ್ಕಕ್ಕೆ ಇಟ್ಟಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ತೊಂದರೆ ಶುರುವಾದದ್ದೇ ಅದರಿಂದ. ವರ್ಷಗಟ್ಟಲೆ ಮಬ್ಬಾಗಿದ್ದ ಲೋಕ ಅತ್ತೆಗೆ ಒಮ್ಮೆಲೇ ನಿಚ್ಚಳವಾಯಿತು. ಲೋಕ ಅಂದರೆ ನಮ್ಮ ಮನೆ. ಗ್ಯಾಸ್ ಒಲೆಯ ಕೆಳಗಿನ ಜಿಡ್ಡು, ಸ್ವಿಚ್ಚಿನ ಸುತ್ತಲಿನ ಕಪ್ಪು, ನನ್ನ ಚಪ್ಪಲಿಯ ಅಂಚು, ಒಂದೊಂದೂ ಅವರ ಹೊಸ ಕಣ್ಣಿಗೆ ಬಿದ್ದವು. "ಇಷ್ಟು ದಿವಸ ನಾ ಇಂಥಾ ಮನ್ಯಾಗ ಉಂಡೀನಾ!" ಎಂದು ಸೀರೆಯ ಸೆರಗು ಸಿಕ್ಕಿಸಿ ಕಂಡದ್ದನ್ನೆಲ್ಲ ತೊಳೆಯತೊಡಗಿದರು. ಆ ದಿನ ಟ್ಯಾಬ್ಲೆಟ್ಟಿನ ಗಾಜಿನ ಮೇಲಿನ ಎಣ್ಣೆಬೆರಳಿನ ಗುರುತು ಅವರಿಗೆ ಕಂಡಿತು. ಆ ಬೆರಳು ನನ್ನದೇ. ಮಿರ್ಚಿ ತಿನ್ನುತ್ತಾ ಕ್ರಿಕೆಟ್ ನೋಡಿದ್ದೆ.

ನಾನು ಮನೆಗೆ ಓಡಿ ಬಂದಾಗ ಟ್ಯಾಬ್ಲೆಟ್ಟು ಪಾತ್ರೆ ಬುಟ್ಟಿಯಲ್ಲಿ, ಎರಡು ತಾಟುಗಳ ನಡುವೆ ಓರೆಯಾಗಿ ನಿಂತು ಸಾಲುಗಟ್ಟಿ ಹನಿ ಉದುರಿಸುತ್ತಿತ್ತು. ಅತ್ತೆ ಕೈ ಒರೆಸಿಕೊಳ್ಳುತ್ತಾ, "ನೋಡ್ರಿ ಅಳಿಯಂದ್ರೇ, ಹ್ಯಾಂಗ ಕನ್ನಡಿ ಆಗ್ಯದ! ಸೋಪ ಹಚ್ಚಿ ಎರಡೂ ಕಡೆ ತಿಕ್ಕೀನಿ. ಭಾಳ ಮುಸುರಿ ಇತ್ತರಿ" ಎಂದರು. ಅವರ ಬೆನ್ನ ಹಿಂದೆ ಜಗದೇವಿ ನನಗೆ ಕೈ ಮುಗಿದು, ಬಾಯಿಗೆ ಬೆರಳಿಟ್ಟು, ಮತ್ತೆ ಕೈ ಮುಗಿದಳು. ನಾನು, "ಚೊಲೋ ಆಗ್ಯದರಿ ಅತ್ತಿ" ಎಂದೆ. ಆ ಮಾತು ಸುಳ್ಳೂ ಅಲ್ಲ. ಅಷ್ಟು ಸ್ವಚ್ಛವಾಗಿ ಅದು ಅಂಗಡಿಯಿಂದ ಬಂದ ದಿನವೂ ಹೊಳೆದಿರಲಿಲ್ಲ. ಆದರೆ ಗುಂಡಿ ಒತ್ತಿದರೆ ಜೀವ ಇರಲಿಲ್ಲ.

ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ನೀರು ಹೀರುತ್ತದೆ ಎಂದು ಟೇಲರ್ ಹೇಳಿದ. ನಮ್ಮದು ರೊಟ್ಟಿ ಉಣ್ಣುವ ಮನೆ, ಅಕ್ಕಿ ಡಬ್ಬಿ ಅಂಗೈಯಷ್ಟಿದೆ. ತುಂಬಿರುವುದು ತೊಗರಿ ಬೇಳೆಯ ಡಬ್ಬಿ. ಇಟ್ಟೆವು. ಸಂಜೆ ಸಾರಿಗೆ ಬೇಳೆ ತೆಗೆಯಲು ಹೋದ ಅತ್ತೆ, "ಜಗದೇವಿ, ಬ್ಯಾಳ್ಯಾಗ ಇದನ್ನ ಯಾಕ ಹುಗದೀರಿ?" ಎಂದು ಕೇಳಿದರು. ಜಗದೇವಿ ಕಣ್ಣು ಮಿಟುಕಿಸದೆ, "ಬ್ಯಾಳಿಗೆ ಹುಳ ಬೀಳಬಾರದಂತ ಅವ್ವಾ" ಎಂದಳು. ಸಂಸಾರದಲ್ಲಿ ಇಷ್ಟು ವರ್ಷ ಈಕೆ ನನಗೆ ಹೇಳಿದ್ದರಲ್ಲಿ ಏನೇನು ನಂಬಿದ್ದೇನೋ ಎಂದು ಆ ಕ್ಷಣ ನನಗೆ ಯೋಚನೆಯಾಯಿತು. ಅಕ್ಕನೊಡನೆ ಮಾತು ಯಾಕಿಲ್ಲ ಎಂದರೆ, ನೆಟ್‌ವರ್ಕ್ ಇಲ್ಲ ಎಂದೆವು. ಅತ್ತೆ ಪಡಸಾಲೆಯಲ್ಲಿ ಕೂತು ಸೊಪ್ಪು ಬಿಡಿಸುವರು, ಆಗಾಗ ಟ್ಯಾಬ್ಲೆಟ್ ಇಡುತ್ತಿದ್ದ ಖಾಲಿ ಸ್ಟೂಲಿನ ಕಡೆ ನೋಡುವರು. ದಂಟು ಜಾಸ್ತಿ ಬಿಡುತ್ತಿದ್ದೇನೆಂದು ಯಾರೂ ಹೇಳಲಿಲ್ಲವಲ್ಲ ಎಂಬಂತೆ ಒಂದೆರಡು ದಂಟು ತಾವೇ ತೆಗೆದು ಬಿಸಾಡುವರು. ಅದನ್ನು ನೋಡಲು ನನಗಾಗಲಿಲ್ಲ.

ಕಣ್ಣು ತೋರಿಸಲು ಕಲಬುರಗಿಗೆ ಹೋಗಬೇಕಿದ್ದ ದಿನವೇ ಸರ್ವಿಸ್ ಸೆಂಟರಿಗೂ ಹೋಗುವುದೆಂದು ಠರಾವಾಯಿತು. ಅತ್ತೆಗೆ, "ಅದಕ್ಕ ಹೊಸಾ ಚಾರ್ಜರ್ ತರೋದದ" ಎಂದೆ. ಬಸ್ಸಿನಲ್ಲಿ ಕುಳಿತು ಯೋಜನೆಯ ನಿಯಮಗಳನ್ನು ಮೊದಲ ಸಲ ಓದಿದೆ. ಕಂಪನಿಯ ವಾರಂಟಿಗೆ ನೀರು ವರ್ಜ್ಯ. ಆದರೆ ನನ್ನ ವಿಶೇಷ ಯೋಜನೆಯಲ್ಲಿ ಆಕಸ್ಮಿಕವಾಗಿ ನೀರು ಚೆಲ್ಲಿದರೆ ದುರಸ್ತಿ ಇತ್ತು. ನನ್ನ ಆಸೆ ಚಿಗುರಿತು. 'ಟೇಬಲ್ ಮೇಲಿನ ನೀರಿನ ಲೋಟ ಕೈ ತಾಗಿ ಬಿತ್ತು' ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೆ. ಕಲಬುರಗಿ ಬರುವ ಹೊತ್ತಿಗೆ ಆ ಲೋಟದ ಬಣ್ಣವೂ ನನಗೆ ಕಾಣುತ್ತಿತ್ತು.

ಕಣ್ಣಿನ ಡಾಕ್ಟರು ಎಲ್ಲ ಚೆನ್ನಾಗಿದೆ, ಇನ್ನು ಓಡಾಡಬಹುದು ಎಂದರು. ಸರ್ವಿಸ್ ಸೆಂಟರಿನಲ್ಲಿ ಕೌಂಟರಿನ ಹೆಣ್ಣುಮಗಳು ಟ್ಯಾಬ್ಲೆಟ್ಟನ್ನು ದೀಪದ ಕೆಳಗೆ ಹಿಡಿದು, ಚಿಮಟದಿಂದ ಚಾರ್ಜರ್ ಸಿಕ್ಕಿಸುವ ತೂತಿನೊಳಗಿಂದ ಹಳದಿಯದೇನೋ ಎಳೆದಳು. "ಸರ್, ಇದು ಬ್ಯಾಳಿ ಅದರಿ" ಎಂದಳು. ನಾನು ಚಾವಣಿ ನೋಡಿದೆ. "ನೀರೂ ಹೋಗ್ಯದ. ಹ್ಯಾಂಗ ಹೋಯ್ತು ಸರ್? ಆಕಸ್ಮಿಕ ಇದ್ರ ನಿಮ್ಮ ಪ್ಲ್ಯಾನಿನಾಗ ನೋಡಬಹುದು. ಬೇಕಂತ ಮಾಡಿದ್ರ ಬರಂಗಿಲ್ರಿ." ನಾನು ಗಂಟಲು ಸರಿಮಾಡಿಕೊಂಡು, "ಟೇಬಲ್ ಮ್ಯಾಲ ಒಂದು ಲೋಟ..." ಎಂದು ಶುರು ಮಾಡಿದೆ. ಹಿಂದಿನ ಕುರ್ಚಿಯಿಂದ ಕಪ್ಪು ಕನ್ನಡಕದ ಅತ್ತೆ ಎದ್ದು ಬಂದರು. "ಯಾವ ಲೋಟ? ನಾ ತೊಳದೀನವ್ವಾ ಅದನ್ನ. ನಲ್ಲಿ ಕೆಳಗ ಹಿಡದು ಚೊಲೋ ತಿಕ್ಕಿ ತೊಳದೀನಿ." ಆ ಹುಡುಗಿ ನಗು ತಡೆದುಕೊಂಡು, "ಬೇಕಂತನೇ ತೊಳದ್ರೇನಮ್ಮಾ?" ಎಂದಳು. "ಬೇಕಂತನೇ ಮತ್ತ! ಬ್ಯಾಡಂದ್ರ ಯಾರರೆ ತೊಳೀತಾರ?" ಎಂದರು ಅತ್ತೆ.

ಯೋಜನೆ ಅಲ್ಲಿಗೆ ಮುಗಿಯಿತು. ಉಳಿದದ್ದು ಒಳಗಿನ ಬೋರ್ಡನ್ನೇ ಬದಲಿಸುವ ದಾರಿ. ಅದರ ಖರ್ಚಿಗೆ ಹೆಚ್ಚುಕಡಿಮೆ ಹೊಸದೇ ಬರುತ್ತಿತ್ತು. ಹೊರಗಿನ ಯಾರಾದರೂ ಬಿಚ್ಚಿದರೆ ಇದ್ದ ವಾರಂಟಿಯೂ ಹೋಗುತ್ತದೆಂದು ಆಕೆ ಎಚ್ಚರಿಸಿ, ಮೃದುವಾಗಿ ಮುಗುಳ್ನಕ್ಕಳು. ಆ ನಗು ನನಗೆ ಬಹಳ ಪರಿಚಿತ. ಕತ್ತರಿಸಿದ ಗುಳಿಗೆ ಪಟ್ಟಿ ವಾಪಸು ತಂದವರಿಗೆ ನಾನು ಅಂಗಡಿಯಲ್ಲಿ ಕೊಡುವ ನಗುವೇ ಅದು. ಎದುರಿನಿಂದ ನೋಡಿದರೆ ಅದು ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ.

ವಾಪಸು ರೈಲಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಅಳುತ್ತಿದ್ದಾರೋ ಏನೋ, ಕಪ್ಪು ಕನ್ನಡಕದಿಂದಾಗಿ ತಿಳಿಯದು. ಆಪರೇಷನ್ ಆದ ಕಣ್ಣು ಬೇರೆ. ಕೊನೆಗೆ ಅವರೇ ಕೇಳಿದರು: "ನಾ ಕೆಡಿಸೀನಂತ ಮೊದಲೇ ಗೊತ್ತಿತ್ತಲ್ಲರಿ ನಿಮಗ?"

"ಇತ್ತರಿ."

"ಮತ್ಯಾಕ ಹೇಳಲಿಲ್ಲ? ನಾ ಏನು ಕೂಸಾ?"

"ನಿಮಗ ಬ್ಯಾಸರ ಆಗ್ತದಂತ..."

"ಕೆಡಿಸಿದ್ರ ಬೈಬೇಕರಿ. ಬೈದ್ರ ಇದು ನನ್ನ ಮನಿ ಅಂತ ಇರ್ತೀನಿ. ಬೈಲಿಲ್ಲಂದ್ರ ನಾಕು ದಿವಸಕ್ಕ ಬಂದ ಬೀಗರ ಲೆಕ್ಕ ನಾ. ಈಗ ಬೈರಿ."

ನಾನು ಅಕ್ಕಪಕ್ಕ ನೋಡಿದೆ. ಎದುರು ಸೀಟಿನವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. "ನೀವು... ಹಂಗ ಮಾಡಬಾರದಿತ್ತರಿ ಅತ್ತಿ" ಎಂದೆ.

"ಇದು ಬೈಯೋದಾ? ನನ್ನ ಮಗಳಿಗೂ ಹಿಂಗೇ ಬೈತೀರಿ? ಅದಕ್ಕೇ ಆಕಿ ಹಂಗ ಆಗ್ಯಾಳ!" ಎಂದು ಅತ್ತೆ ಜೋರಾಗಿ ನಕ್ಕರು. ಕಡಲೆಕಾಯಿಯವರೂ ನಕ್ಕರು. ಒಂದು ಹಿಡಿ ಕಡಲೆಕಾಯಿ ನನ್ನ ಕೈಗೂ ಬಂತು.

ಅವರಲ್ಲೇ ಒಬ್ಬರು, ಇಂಥವನ್ನು ರಿಪೇರಿ ಮಾಡುವ ಶಹಾಬಾದಿನ ಖಾಜಾ ಭಾಯಿಯ ಹೆಸರು ಹೇಳಿದ್ದು. ಶಹಾಬಾದಿನಲ್ಲೇ ಇಳಿದೆವು. ಬಜಾರಿನ ಚಿಕ್ಕ ಅಂಗಡಿಯಲ್ಲಿ ಖಾಜಾ ಭಾಯಿ ಹಿಂಬದಿ ಬಿಚ್ಚಿ, ಮೂಗಿನ ಹತ್ತಿರ ಹಿಡಿದು, "ಸಾಬೂನ್ ಹಚ್ಚೀರಿ? ಖುಷ್ಬೂ ಬರಾಕತ್ತದ" ಎಂದ. ಅತ್ತೆ ಈಗ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ, "ತೊಳಿಬಾರದಂತಲ್ಲಪ್ಪ, ನನಗ ಗೊತ್ತಿರಲಿಲ್ಲ" ಎಂದರು. "ಯಾರು ಹೇಳಿದ್ರಮ್ಮಾ ತೊಳಿಬಾರದಂತ? ನಾವೂ ತೊಳೀತೀವಿ. ಬೋರ್ಡ್ ಹೊರಗ ತೆಗದು, ಬ್ಯಾರೆ ದವಾ ಹಾಕಿ, ಬ್ರಶ್ ಹಚ್ಚಿ ತೊಳಿಯೋದೇ ನಮ್ಮ ಧಂದಾ. ನೀವು ಮ್ಯಾಲಿಂದ ತೊಳದೀರಿ, ನಾ ಒಳಗಿಂದ ತೊಳೀತೀನಿ." ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿ, "ಕೇಳಿದ್ರಿ?" ಎಂದರು. ನಾನು ಮಾತು ಬದಲಿಸಲು ಗ್ಯಾರಂಟಿ ಎಷ್ಟು ದಿನ ಎಂದು ಕೇಳಿದೆ. ಖಾಜಾ ಭಾಯಿ ಆಕಾಶದ ಕಡೆ ಕೈ ತೋರಿಸಿ, "ಆ ಮಾತು ಬ್ಯಾಡ್ರಿ ಸಾಹೇಬ್ರ. ಚಾಲೂ ಆದ್ರ ನಿಮ್ಮ ನಸೀಬ. ದುವಾ ಮಾಡ್ಕೋತ ಹೋಗ್ರಿ" ಎಂದ. ಇಷ್ಟು ಸಲೀಸಾಗಿ ಅರ್ಥವಾಗುವ ವಾರಂಟಿಯನ್ನು ನಾನು ಇದುವರೆಗೆ ಓದಿರಲಿಲ್ಲ.

ಮರುದಿನ ಅತ್ತೆ ಮುಂಜಾನೆಯೇ ಚೀಲ ಕಟ್ಟಿಕೊಂಡು ಕುಳಿತಿದ್ದರು. "ಡಾಕ್ಟರ್ ಹೂಂ ಅಂದಾರ. ಅಕ್ಕನ ಕಡಿ ಬಿಟ್ಟು ಬರ್ರಿ." ಚಿಂಚೋಳಿ ಬಸ್ಸು ಹತ್ತಿದೆವು. ಗುರಮ್ಮ ಗಡಿಯ ಊರಿನವರಾದ್ದರಿಂದ ಕನ್ನಡದ ನಡುವೆ ತೆಲುಗು ಬೆರೆಸುತ್ತಾರೆ. ತಂಗಿ ಹೊಸ್ತಿಲಲ್ಲಿ ಕಂಡದ್ದೇ, ಮಂಚದಿಂದಲೇ, "ರಾವೇ ಚೆಲ್ಲಿ! ಬಾರೇ ತಂಗಿ!" ಎಂದು ಎರಡೂ ಕೈ ಚಾಚಿದರು. ಅತ್ತೆ ಆ ಕೈಗಳನ್ನು ಹಿಡಿದು ಅಲ್ಲೇ ಮಂಚದ ಅಂಚಿಗೆ ಕುಳಿತರು. ಆಮೇಲೆ ಗುರಮ್ಮ ತಂಗಿಯ ಕೆನ್ನೆ ಮುಟ್ಟಿ, "ಪರದ್ಯಾಗ ದಪ್ಪ ಕಾಣತಿದ್ದಿ. ಮಗಳು ಉಣ್ಣಾಕ ಹಾಕ್ತಾಳಿಲ್ಲ?" ಎಂದರು. ನಾನು ಗೋಡೆ ನೋಡುತ್ತಾ ನಿಂತೆ. ಅತ್ತೆ ಕನ್ನಡಕ ತೆಗೆದು ಅಕ್ಕನನ್ನು, ಆಮೇಲೆ ಅಕ್ಕನ ಮನೆಯನ್ನು ಮೂಲೆಮೂಲೆಯೂ ದಿಟ್ಟಿಸಿ ನೋಡಿ, "ಅಳಿಯಂದ್ರೇ, ನೀವು ನಡೀರಿ. ಇಲ್ಲಿ ಭಾಳ ಕೆಲಸ ಅದ" ಎಂದರು.

ಅವರಿಲ್ಲದ ಮನೆಗೆ ಮರಳಿ ನಾನು ಕೆಲವು ದಿನ ಅತ್ಯಂತ ಸುಖವಾಗಿದ್ದೆ ಎಂದು ಹೇಳಲು ಸಂಕೋಚವಾಗುತ್ತದೆ. ಅಷ್ಟರಲ್ಲಿ ಖಾಜಾ ಭಾಯಿಯ ಫೋನು ಬಂತು: "ಚಾಲೂ ಆಗ್ಯದ ಸಾಹೇಬ್ರ!" ಬಿಟ್ಟುಬಿಡಬಹುದಿತ್ತು. ನಾನೇ ಕುಣಿಯುತ್ತಾ ಹೋಗಿ ತಂದೆ. ಪರದೆಯ ಒಂದು ಮೂಲೆಯಲ್ಲಿ ಕಂದು ಕಲೆ ಉಳಿದಿದೆ, ಬಾಕಿ ಎಲ್ಲ ಸರಿ. ಆ ಸಂಜೆಯೇ ಸುದ್ದಿ ತಿಳಿದ ಅತ್ತೆ ಚಿಂಚೋಳಿಯ ಕಡೆಯಿಂದ ವಿಡಿಯೋ ಕರೆ ಮಾಡಿದರು. ಜಗದೇವಿ ನಾಲ್ಕು ಮಾತಾಡಿ, "ಒಲಿ ಮ್ಯಾಲ ಹಾಲು ಇಟ್ಟೀನಿ ಅವ್ವಾ" ಎಂದು ನನ್ನ ಕೈಗೆ ಕೊಟ್ಟು ಮಾಯವಾದಳು. ಅತ್ತೆ ನನ್ನ ಮುಖ ನೋಡಲಿಲ್ಲ. ಭುಜದ ಮೇಲಿಂದ ಹಿಂದಕ್ಕೆ ನೋಡಿದರು. "ಸ್ವಲ್ಪ ಎಡಕ್ಕ ಹಿಡೀರಿ. ಆ ಬಾಗಲ ಹಿಂದ ಏನದು? ಹಂಗೇ ಅಡಗಿಮನಿಗಿ ನಡೀರಿ." ಮಗ್ಗುಲಿನಿಂದ ಗುರಮ್ಮ, "ಮಂಚದ ಕೆಳಗೂ ತೋರಸಂತ ಹೇಳು" ಎಂದರು. ಒಬ್ಬರಿದ್ದ ತಪಾಸಣೆ ಅಧಿಕಾರಿಗಳು ಇಬ್ಬರಾದರು. ಈಗ ಪ್ರತಿ ಸಂಜೆ ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮನೆ ಸುತ್ತುವುದು ನನ್ನ ಪಾಲಿನ ಕೆಲಸ.

ನಿನ್ನೆ ಸಾಕಾಗಿ ಒಂದು ಉಪಾಯ ಮಾಡಿದೆ. ಅತ್ತೆ, "ಆ ಕಪಾಟಿನ ಮ್ಯಾಲ..." ಎನ್ನುತ್ತಿದ್ದಂತೆ, ನೆಟ್‌ವರ್ಕ್ ಹೋಗಿ ಚಿತ್ರ ನಿಂತುಬಿಟ್ಟವನಂತೆ, ಬಾಯಿ ಅರ್ಧ ತೆರೆದು, ಕಣ್ಣು ಮಿಟುಕಿಸದೆ ಕಲ್ಲಿನ ಹಾಗೆ ನಿಂತೆ. ಆ ಕಡೆ ಅಕ್ಕತಂಗಿಯರು ಪರದೆಯ ಹತ್ತಿರ ಮುಖ ತಂದು ನೋಡಿದರು. ಆಮೇಲೆ ಅತ್ತೆಯ ದನಿ ಬಹಳ ಮರ್ಯಾದೆಯಿಂದ ಕೇಳಿಸಿತು:

"ಅಳಿಯಂದ್ರೇ, ಹಿಂದ ಫ್ಯಾನ್ ತಿರಗಾಕತ್ತದರಿ."