ಭಾನುವಾರ ಕೂಗಿದ ಸೈರನ್ ಹಾಗೂ ಗೋಲ್‌ಕೀಪರನ ಅಮಾನತು

ಇಂದ,
ದಾಮೋದರ,
ಟಾರ್ಪಾಲು, ಛತ್ರಿ ಮತ್ತು ಗಂಬೂಟು ವ್ಯಾಪಾರಿ
ಹಾಗೂ ಜೇನುಬೈಲು ಫುಟ್‌ಬಾಲ್ ಕ್ಲಬ್ಬಿನ ಕಾಯಂ ಅಭಿಮಾನಿ,
ಬಣಕಲ್.

ಗೆ,
ಶ್ರೀಮತಿ ಗಿರಿಜಾಂಬಾ ಓಂಕಾರಪ್ಪನವರು,
ನೂತನ ಅಧ್ಯಕ್ಷರು, ಜೇನುಬೈಲು ಫುಟ್‌ಬಾಲ್ ಕ್ಲಬ್,
ಜೇನುಬೈಲು ಎಸ್ಟೇಟ್ ಬಂಗಲೆ.

ವಿಷಯ: ಆಡಳಿತ ಮಂಡಳಿಯ ಬದಲಾವಣೆಗೆ ಅಭಿನಂದನೆ ಮತ್ತು ಗೋಲ್‌ಕೀಪರ್ ಸುಪ್ರೀತನ ಅಮಾನತಿನ ಬಗ್ಗೆ.

ಉಲ್ಲೇಖ: ಕ್ಲಬ್ಬಿನ ಬಾಗಿಲಿಗೆ ಅಂಟಿಸಿದ ನೋಟೀಸು (ಮಳೆಗೆ ನೆನೆದು ಕೊನೆಯ ಎರಡು ಸಾಲು ಅಳಿಸಿಹೋಗಿದೆ).

ಮಾನ್ಯರೇ,

ತಾವು ಅಧ್ಯಕ್ಷರಾದ ಸುದ್ದಿ ತಿಳಿದು ಅಭಿಮಾನಿ ಬಳಗಕ್ಕೆ ಸಂತೋಷವಾಗಿದೆ. ಸಂತೋಷಪಡಬೇಕೆಂದು ನೋಟೀಸಿನಲ್ಲೇ ಬರೆದಿರುವ ಕಾರಣ ನಮಗೆ ಬೇರೆ ದಾರಿಯೂ ಇರಲಿಲ್ಲ. ಫೈನಲ್ ಪಂದ್ಯದ ಹಗರಣದ ನೈತಿಕ ಹೊಣೆ ಹೊತ್ತು ತಮ್ಮ ಯಜಮಾನರು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮಹಾಪೋಷಕರಾಗಿದ್ದಾರೆ. ತೆರವಾದ ಕುರ್ಚಿಗೆ ತಾವು ಬಂದಿದ್ದೀರಿ. ತಮ್ಮ ಭಾವಿ ಅಳಿಯಂದಿರು ಕಾರ್ಯದರ್ಶಿಗಳಾಗಿದ್ದಾರೆ. ಒಟ್ಟಿನಲ್ಲಿ ಆಡಳಿತ ಪೂರ್ತಿ ಬದಲಾಗಿದೆ; ಸಭೆ ನಡೆಯುವ ಊಟದ ಮೇಜು ಮಾತ್ರ ಹಳೆಯದು.

ಸದರಿ ಬದಲಾವಣೆಯ ಜೊತೆಗೇ ಸುಪ್ರೀತನನ್ನು ಒಂದು ವರ್ಷ ಅಮಾನತು ಮಾಡಲಾಗಿದೆ. ಬರುವ ಭಾನುವಾರ ನಮ್ಮ ಮೈದಾನದಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯಲಿದೆ. ವಯಸ್ಸಿನ ಮಿತಿಯಿಂದಾಗಿ ಅವನಿಗೆ ಇದು ಕೊನೆಯ ಅವಕಾಶ. ಕಾರಣ, ಈ ಕೆಳಗಿನ ಅಂಶಗಳನ್ನು ತಾವು ಓದಲೇಬೇಕು. ಅಳಿಯಂದಿರ ಕೈಗೆ ಕೊಟ್ಟು ಓದಿಸುವುದು ಬೇಡ.

1. ಫೈನಲ್ ಪಂದ್ಯ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಎರಡೂ ಕಡೆ ಗೋಲಿಲ್ಲ. ಆಗ ತಮ್ಮ ಎಸ್ಟೇಟಿನ ಕೆಲಸ ಬಿಡುವ ಸೈರನ್ ಕೂಗಿತು. ಭಾನುವಾರ ಅದು ಕೂಗುವ ಪದ್ಧತಿ ಇಲ್ಲ. ಆದರೆ ನಮ್ಮ ಹನ್ನೊಂದು ಆಟಗಾರರೂ ತಮ್ಮ ತೋಟದಲ್ಲೇ ದುಡಿಯುವವರಾದ್ದರಿಂದ, ವಾರ ಯಾವುದೆಂದು ತಲೆ ಯೋಚಿಸುವ ಮೊದಲೇ ಕಾಲು ನಿಂತವು. ಬ್ಯಾಕ್ ಆಡುವವರಿಬ್ಬರೂ ಸೊಂಟಕ್ಕೆ ಕೈಯಿಟ್ಟು ತೋಟದಾಳುಗಳ ಲೈನ್ ಮನೆಗಳ ಕಡೆ ತಿರುಗಿದರು. ಆಟ ನೋಡುತ್ತಿದ್ದ ಹೆಂಗಸರು ಬುತ್ತಿ ಪಾತ್ರೆ ಎತ್ತಿಕೊಂಡರು. ಸುಪ್ರೀತ್ ಒಂದು ಕೈಯ ಗ್ಲೌಸ್ ಕಳಚಿದ. ಎದುರು ತಂಡದ ನಾಯಕರು ಚೆಂಡನ್ನು ನಡೆಸಿಕೊಂಡು ಬಂದು ನಿಧಾನವಾಗಿ ಗೋಲಿನೊಳಗೆ ಇಟ್ಟರು. ಅವರೇ ಈಗ ನಮ್ಮ ಕಾರ್ಯದರ್ಶಿಗಳು.

2. ಇದು ಗ್ರಹಚಾರವೆಂದು ನಾವು ಸುಮ್ಮನಾಗಿದ್ದೆವು. ಅದೇ ವಾರ ತಮ್ಮ ಮಗಳ ನಿಶ್ಚಿತಾರ್ಥ ನಡೆಯಿತು. ಅಡುಗೆಯವರ ಮೇಲೆ ಟಾರ್ಪಾಲು ಕಟ್ಟಿಸಲು ನಾನು ಅಲ್ಲೇ ಇದ್ದೆ. ಗೆದ್ದ ಕಪ್ಪನ್ನು ವರನ ಪಕ್ಕದ ಕುರ್ಚಿಯ ಮೇಲೆ ಕೂರಿಸಿದ್ದರು. ಊಟದ ಪಂಕ್ತಿಯಲ್ಲಿ ತಮ್ಮ ಬೀಗರು ಹೋಳಿಗೆ ಬಡಿಸಿಕೊಳ್ಳುತ್ತಾ ಎಲ್ಲರಿಗೂ ಕೇಳುವಂತೆ, "ನಮ್ ಬೀಗ್ರು ದೊಡ್ಡ ಮನಸ್ನೋರು ಮಾರಾಯ್ರೆ. ಒಂದ್ ಸೈರನ್ ಕೂಗ್ಸಿ ಹೆಣ್ಣಿನ್ ಜತೆ ಕಪ್ಪೂ ಕೊಟ್ರು" ಎಂದರು. ತಮ್ಮ ಯಜಮಾನರು ಇಲ್ಲವೆನ್ನಲಿಲ್ಲ. ಇನ್ನೊಂದು ಹೋಳಿಗೆ ಹಾಕಿಸಿದರು.

3. ಸದರಿ ವಿಷಯ ಊರಿಗೆ ಹರಡಿದ ಕಾರಣ ಅಭಿಮಾನಿಗಳು ಪ್ರತಿಭಟನೆಗೆ ನಿರ್ಧರಿಸಿದರು. ಕಪ್ಪು ಬಾವುಟ ಸಿಗದ್ದರಿಂದ ನನ್ನ ಅಂಗಡಿಯ ಕಪ್ಪು ಛತ್ರಿಗಳನ್ನೇ ಹಿಡಿದು ಬಂಗಲೆಯ ಗೇಟಿನೆದುರು ನಿಂತೆವು. ಅಷ್ಟರಲ್ಲಿ ಮಳೆ ಹೊಡೆಯಲು ಶುರುವಾಯಿತು. ಆದ್ದರಿಂದ ಅದು ಪ್ರತಿಭಟನೆ ಎಂದು ಯಾರಿಗೂ ತಿಳಿಯಲಿಲ್ಲ. ತಮ್ಮ ಯಜಮಾನರು ಕಾರಿನ ಗಾಜು ಇಳಿಸಿ, "ಬಸ್ ಇನ್ನೂ ಬಂದಿಲ್ವಾ?" ಎಂದು ವಿಚಾರಿಸಿ ಹೋದರು.

4. ಆದರೂ ಕ್ಲಬ್ಬು ತನಿಖೆ ನಡೆಸಿತು. ಸೈರನ್ ಒಂದು ಯಂತ್ರ, ಅದಕ್ಕೆ ದುರುದ್ದೇಶ ಇರಲಾರದು. ಆದರೆ ಗೋಲ್‌ಕೀಪರ್ ಮನುಷ್ಯ, ಅವನು ಎಚ್ಚರದಿಂದ ಇರಬೇಕಿತ್ತು ಎಂದು ಸಮಿತಿ ಕಂಡುಕೊಂಡಿತು. ಗುಂಡಿ ಒತ್ತಿದ ಬೆರಳಿನ ಬಗ್ಗೆ ವರದಿಯಲ್ಲಿ ಏನೂ ಇಲ್ಲ.

5. ಸುಪ್ರೀತನ ತಾಯಿ ತಂಗಮ್ಮನನ್ನು ಯಾರೂ ವಿಚಾರಣೆಗೆ ಕರೆಯದ ಕಾರಣ ಆಕೆ ನನ್ನ ಅಂಗಡಿಗೇ ಬಂದು ಹೇಳಿಕೆ ಕೊಟ್ಟಳು. "ಸೈರನ್ ಆದ್ಮೇಲೆ ಒಂದ್ ಕಾಫಿ ಹಣ್ಣು ಕುಯ್ದ್ರೂ ಲೆಕ್ಕ ಬರ್ಯೋ ರೈಟ್ರು ತೂಕಕ್ಕೆ ಹಾಕ್ಕೊಳಲ್ಲ. ನಿಲ್ಲು ಅಂತ ಕಲ್ಸಿದ್ದೂ ಅವ್ರೇ, ಯಾಕ್ ನಿಂತೆ ಅಂತ ಕೇಳೋದೂ ಅವ್ರೇನಾ?" ನಾನು ಒಂದು ಲೋಟ ಕಾಫಿ ಕೊಟ್ಟೆ.

ನಾನು ಅರ್ಜಿ ಬರೆಯುವೆನೆಂದು ತಿಳಿದು ಸುಪ್ರೀತನೂ ಬಂದ. "ಬ್ಯಾಡ ದಾಮೋದರಣ್ಣ. ಅಮ್ಮ ಇರೋದು ಅವ್ರ ಲೈನಲ್ಲಿ. ನಾನು ಆಟ ಬಿಟ್ರೆ ಮುಗೀತಲ್ಲ" ಎಂದ. ಬೆಟ್ಟದ ಚಳಿಗಾಳಿಗೆ ಚೆಂಡು ಎತ್ತ ತಿರುಗಿದರೂ ಎಗರಿ ಹಿಡಿಯುವ ಹುಡುಗ ಆಟ ಬಿಡುವ ಮಾತನ್ನು ನೆಲ ನೋಡಿಕೊಂಡು ಹೇಳಿದ್ದು ನನಗೆ ಸಹಿಸಲಾಗಲಿಲ್ಲ. ಬೇಡವೆಂದ ಮೇಲೂ ನಾನು ಬರೆದದ್ದು ಅವನಿಗೆ ಗೊತ್ತಿಲ್ಲ. ಆದ್ದರಿಂದ ಅವನ ಮೇಲಾಗಲಿ, ತಂಗಮ್ಮನ ಲೈನ್ ಮನೆಯ ಮೇಲಾಗಲಿ ಕ್ರಮ ಕೈಗೊಳ್ಳಲು ಕಾರಣವಿಲ್ಲ.

6. ಮೊನ್ನೆ ತಾವು ಛತ್ರಿ ಕೊಳ್ಳಲು ಬಂದಾಗ ಹೇಳಿದ್ದನ್ನು ನೆನಪಿಸಲು ಅಪ್ಪಣೆಯಾಗಬೇಕು. "ನಂಗೆ ಈ ಫುಟ್‌ಬಾಲು ಗೀಟ್‌ಬಾಲು ಒಂದೂ ತಿಳಿಯಲ್ಲ ದಾಮೋದರ. ಇವ್ರು ಅಮಾನತಿಗೆ ಸೈನ್ ಹಾಕು ಅಂದ್ರು, ಹಾಕ್ದೆ. ಊರಿಗೆ ಹೇಳೋಕೆ ಯಾರ್ದಾದ್ರೂ ಒಂದು ಹೆಸ್ರು ಬೇಕಲ್ಲ" ಎಂದಿರಿ. ಹಾಗೆ ಹೇಳುವಾಗ ತಮ್ಮ ಮುಖ ಸಣ್ಣದಾಗಿತ್ತು. ಇಷ್ಟು ಬರೆಯುವ ಧೈರ್ಯ ನನಗೆ ಬಂದದ್ದು ಅದರಿಂದಲೇ.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೆ. ಕ್ಲಬ್ಬಿಗೆ ಬೇಕಾಗಿರುವುದು ಒಂದು ಹೆಸರು ಮಾತ್ರವಾದ ಕಾರಣ, ಸುಪ್ರೀತನ ಹೆಸರನ್ನು ಹೊಡೆದು ಆ ಜಾಗದಲ್ಲಿ ನನ್ನ ಹೆಸರನ್ನು ಬರೆಯತಕ್ಕದ್ದು. ಆ ದಿನ ಮೈದಾನದಲ್ಲಿ ಕೇಳಿಸಿದ್ದು ಎಸ್ಟೇಟಿನ ಸೈರನ್ ಅಲ್ಲವೇ ಅಲ್ಲ, ಗೋಲ್ ಆಗಲೆಂದು ನಾನು ಕಿರುಚಿದ ಸದ್ದು ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಊರು ನಂಬುತ್ತದೆ. ನನ್ನ ಗಂಟಲಿಗೆ ಬಣಕಲ್ಲಿನಲ್ಲಿ ಅಷ್ಟು ಹೆಸರಿದೆ. ನಾನು ತಮ್ಮ ಲೈನಿನಲ್ಲಿ ವಾಸವಿಲ್ಲ, ತಮ್ಮ ತೋಟದ ಆಳೂ ಅಲ್ಲ. ಅಂಗಡಿ ನಮ್ಮಪ್ಪನ ಕಾಲದ ಸ್ವಂತ ಕಟ್ಟಡ. ಆದ್ದರಿಂದ ಈ ತಪ್ಪನ್ನು ಹೊರಲು ನನ್ನಷ್ಟು ಅನುಕೂಲಸ್ಥ ಬೇರೊಬ್ಬನಿಲ್ಲ.

ನನಗೆ ಮೈದಾನ ಪ್ರವೇಶ ನಿಷೇಧಿಸಬಹುದು. ಒಂದು ವರ್ಷ ಸಾಲದಿದ್ದರೆ ಆಜೀವವೂ ಆಗಬಹುದು. ತಿಳಿವು ಬಂದಾಗಿನಿಂದ ಈ ಕ್ಲಬ್ಬಿನ ಒಂದು ಆಟವನ್ನೂ ನಾನು ತಪ್ಪಿಸಿದವನಲ್ಲ; ಆಟವಿಲ್ಲದ ಭಾನುವಾರ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಹೆದರಿಕೆಯಾಗುತ್ತದೆ. ಆದರೂ ಆಯ್ಕೆಯ ದಿನ ಸುಪ್ರೀತ್ ಗೋಲಿನ ಮುಂದೆ ನಿಂತಿರಬೇಕು.

ತಮ್ಮ ಸಹಿಯ ದಾರಿ ಕಾಯುತ್ತಿರುವ ವಿಶ್ವಾಸಿ,
ದಾಮೋದರ

ಅಡಕಗಳು:
1. ತಪ್ಪೊಪ್ಪಿಗೆ ಪತ್ರ (ದಿನಾಂಕ ಖಾಲಿ ಬಿಟ್ಟಿದೆ).
2. ನನ್ನ ಪತ್ನಿ ಸತ್ಯವತಿಯ ಪ್ರಮಾಣಪತ್ರ: "ಇವ್ರ ಗಂಟ್ಲಿನ ಮುಂದೆ ಯಾವ ಸೈರನ್ನೂ ಇಲ್ಲ. ಇಷ್ಟು ವರ್ಷ ಕೇಳಿದೀನಿ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ವಿಶೇಷ ಕೋರಿಕೆ: ಆಯ್ಕೆಯ ದಿನ ಮೈದಾನದಲ್ಲಿ ಕಟ್ಟುವ ಮೈಕಿನ ಹಾರ್ನುಗಳ ಪೈಕಿ ಒಂದನ್ನು, ಅಲ್ಲಿ ಹೇಳುವುದು ನನಗೂ ಕೇಳಿಸುವಂತೆ, ನನ್ನ ಅಂಗಡಿಯ ಕಡೆ ತಿರುಗಿಸಿ ಕಟ್ಟಿಸಬೇಕಾಗಿ ವಿನಂತಿ.