ನೀರನ್ನು ಹಾವು ಮಾಡಿದ ಸ್ಮಾರ್ಟ್ ಬೋರ್ಡಿಗೆ

ಐದನೇ ತರಗತಿಯ ಗೋಡೆಯನ್ನು ಅಲಂಕರಿಸಿರುವ, ಮುಟ್ಟಿದರೆ ಮಿನುಗುವ, ಮುಟ್ಟದಿದ್ದರೂ ಒಮ್ಮೊಮ್ಮೆ ಮುನಿಯುವ ಮಾನ್ಯರೇ,

ತಮ್ಮ ಗಾಜಿನ ಮೈಗೆ ಬೆರಳಚ್ಚು ತಾಗದಂತೆ ದೂರದಿಂದಲೇ ನಮಸ್ಕಾರಗಳು. ನಾನು ಯಾರೆಂದು ತಾವು ಮರೆತಿರಬಹುದು. ಆಫ್ ಮಾಡಿದ ಕೂಡಲೇ ಎಲ್ಲವನ್ನೂ ಮರೆಯುವ ಭಾಗ್ಯ ತಮಗಿದೆ, ನಮಗಿಲ್ಲ. ಟೀಚರ್ ಆಗಲು ತರಬೇತಿ ಪಡೆಯುತ್ತಿರುವವಳು ನಾನು. ಕಳೆದ ವಾರ ತಮ್ಮ ಪಕ್ಕದಲ್ಲಿ ನಿಂತು ಪರೀಕ್ಷೆಯ ಪಾಠ ಮಾಡಿದವಳು. ಅದರಲ್ಲಿ ಫೇಲಾಗಿದ್ದರೆ ಇಡೀ ವರ್ಷ ಮತ್ತೆ ಓದಬೇಕಿತ್ತೆಂಬ ಸಣ್ಣ ಸಂಗತಿಯನ್ನು ತಮಗೆ ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ.

ತಮ್ಮ ಮಹಿಮೆಯನ್ನು ನನಗೆ ಮೊದಲು ಬೋಧಿಸಿದವರು ನಮ್ಮ ಕಾಲೇಜಿನ ಮೇಷ್ಟ್ರು. ಅಲ್ಲಿ ತಮ್ಮ ಕುಲಬಾಂಧವರು ಯಾರೂ ಇಲ್ಲದ್ದರಿಂದ ಅವರು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ತಮ್ಮ ಚಿತ್ರ ಬರೆದು, “ಇದು ಬಟನ್. ಒತ್ತಿದೆ ಅಂದ್ಕೊಳ್ಳಿ. ಆನ್ ಆಯ್ತು ಅಂದ್ಕೊಳ್ಳಿ” ಎಂದರು. ನಾವೂ ಶ್ರದ್ಧೆಯಿಂದ ಅಂದುಕೊಂಡೆವು. ಆಫ್ ಮಾಡುವುದನ್ನು ಅಂದುಕೊಳ್ಳುವ ಮೊದಲೇ ಬೆಲ್ ಹೊಡೆಯಿತು.

ಅಂಥ ಪಾಂಡಿತ್ಯದೊಂದಿಗೆ ಬಂದ ನಾನು, ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕಷ್ಟಪಟ್ಟು ಕೂತಿದ್ದ ಪರೀಕ್ಷಕರನ್ನು ಮೆಚ್ಚಿಸಬೇಕೆಂದು, ಆಡಿದ ಮಾತನ್ನು ಅಕ್ಷರ ಮಾಡಿ ತೋರಿಸುವ ತಮ್ಮ ವಿಶೇಷ ವಿದ್ಯೆಯನ್ನು ಚಾಲೂ ಮಾಡಿದೆ. ಬೋರ್ಡಿನ ಮೇಲೆ ಏನು ಮೂಡಿದರೂ ಒಕ್ಕೊರಲಿನಿಂದ ಓದಬೇಕೆಂದು ಆ ಮಕ್ಕಳಿಗೆ ಅವರ ಟೀಚರ್ ಅಭ್ಯಾಸ ಮಾಡಿಸಿದ್ದಾರೆಂಬುದು ನನಗೂ ಗೊತ್ತಿರಲಿಲ್ಲ, ತಮಗೂ ಗೊತ್ತಿರಲಿಕ್ಕಿಲ್ಲ. “ಬಿಸಿಲಿಗೆ ನೀರು ಆವಿಯಾಗಿ ಮೇಲೆ ಹೋಗುತ್ತದೆ” ಎಂದೆ. ತಾವು ದಪ್ಪಕ್ಷರಗಳಲ್ಲಿ ಬರೆದಿರಿ. ಮಕ್ಕಳು ಸೂರು ಹಾರುವಂತೆ ಓದಿದರು: “ಬಿಸಿಲಿಗೆ ನೀರು ಹಾವಾಗಿ ಮೇಲೆ ಹೋಗುತ್ತದೆ!”

ಕೆಲವರು ಕಾಲನ್ನು ಬೆಂಚಿನ ಮೇಲೆತ್ತಿಕೊಂಡರು. ಎಲ್ಲರೂ ‘ಪಟಾಕಿ’ ಎಂದು ಕರೆಯುವ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಅದು ಕಚ್ಚುತ್ತಾ?” ಎಂದು ಕೇಳಿದಳು. ನಾನು ತಿದ್ದಿ ಹೇಳಿದೆ. ತಾವು ಮತ್ತೆ ಹಾವೇ ಬಿಟ್ಟಿರಿ. ಬಿಡಿಸಿ ಬಿಡಿಸಿ ಹೇಳಿದೆ, ಹಾವುಗಳು ಎರಡಾದವು. ಪರೀಕ್ಷಕರ ಪೆನ್ನು ಕಾಗದದ ಮೇಲೆ ಓಡಾಡುವುದು ಕಂಡದ್ದೇ, ಮುಂದಿನ ವರ್ಷದ ಅದೇ ಪುಸ್ತಕ, ಅದೇ ಬೆಂಚು, ಅಪ್ಪನ ಅದೇ ನಿಟ್ಟುಸಿರು ಕಣ್ಣಮುಂದೆ ಬಂದವು.

ಆಗ, ಮಾನ್ಯರೇ, ಬೇರೆ ದಾರಿ ಕಾಣದೆ ತಮ್ಮನ್ನು ತರಗತಿಯ ಹೊಸ ವಿದ್ಯಾರ್ಥಿಯೆಂದು ಘೋಷಿಸಿಬಿಟ್ಟೆ. “ಇದಕ್ಕೆ ಪಾಪ, ಏನೂ ಗೊತ್ತಿಲ್ಲ. ಯಾರು ಹೇಳಿಕೊಡ್ತೀರಿ?” ಎಂದದ್ದೇ ತಡ, ಸಂತೆ ನೆರೆಯಿತು. ಒಬ್ಬ ಓಡಿಬಂದು, “ಹಾವಲ್ಲ, ಆವಿ! ಕುದಿಯೋ ಪಾತ್ರೆ ಮೇಲೆ ಹೊಗೆ ಥರ ಬರುತ್ತಲ್ಲ, ಅದು!” ಎಂದು ತಮ್ಮ ಕಿವಿಯ ಬಳಿ ಕೂಗಿದ. ಪಟಾಕಿ ಸೊಂಟಕ್ಕೆ ಕೈಯಿಟ್ಟು, “ಒದ್ದೆ ಬಟ್ಟೆ ಒಣಗುತ್ತಲ್ಲ, ಆ ನೀರು ಎಲ್ಲಿಗೆ ಹೋಯ್ತು ಹೇಳು ನೋಡೋಣ?” ಎಂದು ತಮ್ಮನ್ನೇ ಪ್ರಶ್ನೆ ಕೇಳಿದಳು. ತಾವು ‘ಒದ್ದೆ ಬೆಟ್ಟ’ ಎಂದು ಬರೆದಿರಿ. “ಅಯ್ಯೋ ದಡ್ಡಪ್ಪಾ!” ಎಂದು ಹಣೆ ಚಚ್ಚಿಕೊಂಡವಳು ನೀರಿನ ಬಾಟಲಿಯಿಂದ ಅಂಗೈ ತೋಯಿಸಿ, ಮೇಜಿನ ಮೇಲೆ ಹಸ್ತದ ಗುರುತು ಒತ್ತಿ, ಅದು ಮಾಯವಾಗುವವರೆಗೂ ತಾವು ಕಣ್ಣು ಪಿಳುಕಿಸಬಾರದೆಂದು ಅಪ್ಪಣೆ ಮಾಡಿದಳು. ನಾನು ವಾರಗಟ್ಟಲೆ ತಯಾರಿಸಿದ್ದ ಚಿತ್ರಗಳನ್ನು ಯಾರೂ ಕೇಳಲಿಲ್ಲ. ಪಾಠ ಮಾತ್ರ ಆಗಿಹೋಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೀ ಅಭಿನಂದನಾ ಪತ್ರವಾಗುತ್ತಿತ್ತು. ಆದರೆ ಆ ಗದ್ದಲದಲ್ಲಿ ಆಡಿದ ಮಾತು ಯಾರಿಗೂ ಕೇಳಿಸದೆಂದು ನಂಬಿದ ಪರೀಕ್ಷಕರು ಫೋನನ್ನು ಕಿವಿಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಸ್ನೇಹಿತರೊಬ್ಬರಿಗೆ ಏನೋ ಪಿಸುಗುಟ್ಟಿದರು. ಎದುರಿಗೇ ನಿಂತು ಅರಚಿದ ‘ಆವಿ’ ಕೇಳಿಸದ ತಾವು ಆ ಪಿಸುಮಾತನ್ನು ಒಂದು ಒತ್ತಕ್ಷರವೂ ತಪ್ಪದಂತೆ ಬರೆದಿರಿ. ಮಕ್ಕಳು ನಿಯತ್ತಾಗಿ ಓದಿದರು: “ಹತ್ತೇ ನಿಮಿಷ, ಬಂದ್ಬಿಡ್ತೀನಿ. ಮನೇಲಿ ಮಾತ್ರ ಸಾಯಂಕಾಲದವರೆಗೂ ಮೀಟಿಂಗ್ ಅಂತ ಹೇಳಿದ್ದೀನಿ!”

ಪರೀಕ್ಷಕರು ಕೆಂಪಾಗಿ, ಬಿಳುಪಾಗಿ, ಕೊನೆಗೆ ನನ್ನ ಕಡೆ ತಿರುಗಿ, “ಇದಕ್ಕೆ... ಸರಿಯಾಗಿ ಕೇಳಿಸಲ್ಲ ಅಲ್ವೇನಮ್ಮಾ?” ಎಂದರು. ನನ್ನ ವರ್ಷ ಅವರ ಪೆನ್ನಿನ ತುದಿಯಲ್ಲಿತ್ತು. ಅವರ ಮಾನ ನನ್ನ ನಾಲಿಗೆಯ ತುದಿಯಲ್ಲಿತ್ತು. “ಇಲ್ಲ ಸರ್, ಎಲ್ಲಾ ತಪ್ಪುತಪ್ಪು. ನೀವೇ ನೋಡಿದ್ರಲ್ಲ, ಆವಿ ಅಂದ್ರೆ ಹಾವು ಅನ್ನುತ್ತೆ” ಎಂದೆ. ಹೀಗೆ, ಇಡೀ ದಿನ ತಾವು ಬರೆದ ಒಂದೇ ಒಂದು ಸರಿಯುತ್ತರಕ್ಕೆ ನಾನು ಸೊನ್ನೆ ಕೊಟ್ಟೆ. ಅದಕ್ಕಾಗಿ ಕ್ಷಮೆಯಿರಲಿ.

ಫಲಿತಾಂಶ ಬಂದಿದೆ, ಪಾಸಾಗಿದ್ದೇನೆ. “ಪಾಠ ಮಕ್ಕಳಿಗೆ ಚೆನ್ನಾಗಿ ಅರ್ಥವಾಗಿದೆ. ತಂತ್ರಜ್ಞಾನದ ಬಳಕೆ ಅಗತ್ಯಕ್ಕಿಂತ ಹೆಚ್ಚು” ಎಂದು ಪರೀಕ್ಷಕರು ಷರಾ ಬರೆದಿದ್ದಾರೆ. ಮುಂದಿನ ತಿಂಗಳಿಂದ ಇದೇ ಶಾಲೆಯಲ್ಲಿ, ತಮ್ಮ ಸನ್ನಿಧಿಯಲ್ಲೇ ನನ್ನ ಕೆಲಸ. ಆದ್ದರಿಂದ ಬಿನ್ನಹವಿಷ್ಟೇ: ತಾವು ದಯವಿಟ್ಟು ಜಾಣರಾಗಬೇಡಿ. ಎಲ್ಲ ಬಲ್ಲವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಮಕ್ಕಳು ಕಿವಿ ಹಿಂಡಿ ಬುದ್ಧಿ ಹೇಳಬಹುದಾದ ದಡ್ಡರು ತಾವೊಬ್ಬರೇ. ಅಕಸ್ಮಾತ್ ಬುದ್ಧಿ ಬಂದೇಬಿಟ್ಟರೆ, ಕೈ ಎತ್ತಿ, ಅನುಮತಿ ಕೇಳಿ, ಆಮೇಲೆ ಹೇಳಿ.

ಕರೆಂಟ್ ಇರುವಷ್ಟು ಹೊತ್ತೂ ತಮ್ಮ ವಿಶ್ವಾಸಿ,
ಹೊಸ ಟೀಚರಮ್ಮ

ತಾ.ಕ.: ಪಟಾಕಿಯ ಮನೆ ಪರೀಕ್ಷಕರ ಮನೆಯ ಪಕ್ಕದಲ್ಲೇ ಇದೆಯಂತೆ. ನಿನ್ನೆ ಪರೀಕ್ಷಕರ ಶ್ರೀಮತಿಯವರು ಶಾಲೆಗೇ ಬಂದು, ತಮ್ಮನ್ನು ಮೇಲಿಂದ ಕೆಳಗಿನವರೆಗೆ ಪ್ರೀತಿಯಿಂದ ನೋಡಿ, “ಇಂಥದ್ದೊಂದು ನಮ್ಮನೆ ಗೋಡೆಗೆ ಎಲ್ಲಿ ಸಿಗುತ್ತೆ?” ಎಂದು ವಿಚಾರಿಸಿಕೊಂಡು ಹೋದರು.