ಮೋಟಾರು ಬಂದ್, ಗುಂಡಿಗೆ ಬಲಗಡೆ

ಹೊಸ ಡಾಕ್ಟರು ಯಾರಾದರೂ ನನ್ನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಅವರ ಮುಖದ ಬಣ್ಣ ಹೋಗುವುದಕ್ಕೆ ಹತ್ತು ಸೆಕೆಂಡ್ ಸಾಕು. ಮೊದಲೇ ಹೇಳಿಬಿಡೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಸ್ಟೆತಾಸ್ಕೋಪು ಕೆಟ್ಟಿದೆಯೇನೋ ಅಂತ ಅದನ್ನೇ ಬೆರಳಲ್ಲಿ ತಟ್ಟಿ ನೋಡುತ್ತಿರುತ್ತಾರೆ. ನನ್ನ ಗುಂಡಿಗೆ ಬಲಗಡೆ ಇದೆ. ಲಿವರು ಎಡಗಡೆ. ಒಳಗಿರುವುದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ. ಇದು ನನಗೇ ಗೊತ್ತಾಗಿದ್ದು ನಲವತ್ತೊಂದನೇ ವಯಸ್ಸಿಗೆ. ಅಲ್ಲಿಯವರೆಗೆ ನಾನು ಪದ್ಮನಾಭನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುವ, ವರ್ಷವಿಡೀ ಮೂಗು ಕಟ್ಟಿಕೊಂಡು ಕೆಮ್ಮುವ, ಸಾಧಾರಣ ಹೆಂಗಸಾಗಿದ್ದೆ.

ಮೂರು ಎಕ್ಸ್‌ರೇ

ಆ ಸಲ ಕೆಮ್ಮು ತಿಂಗಳಾದರೂ ನಿಲ್ಲಲಿಲ್ಲ. ಡಾಕ್ಟರು ಎಕ್ಸ್‌ರೇ ಬರೆದುಕೊಟ್ಟರು. ಜಯನಗರದ ಸ್ಕ್ಯಾನಿಂಗ್ ಸೆಂಟರಿಗೆ ಹೋದೆ. ಟೆಕ್ನಿಷಿಯನ್ ಒಂದು ಎಕ್ಸ್‌ರೇ ತೆಗೆದು ಒಳಗೆ ಹೋದವರು ಬೇಗ ವಾಪಸ್ ಬಂದರು.

"ಒಂದ್ನಿಮಿಷ ಮೇಡಂ, ಇನ್ನೊಂದು ತೆಗೀತೀನಿ."

ಇನ್ನೊಂದಾಯಿತು. ಮತ್ತೆ ಬಂದರು. ಈ ಸಲ ನನ್ನ ಭುಜ ಹಿಡಿದು ನಿಲ್ಲಿಸಿ, "ಮುಖ ಆ ಕಡೆ ಮಾಡಿ ನಿಂತ್ಕೊಳ್ಳಿ ಅಂದಿದ್ನಲ್ಲ ಮೇಡಂ," ಅಂದರು.

"ಆ ಕಡೆಯೇ ಮಾಡಿದ್ದೀನಲ್ಲ."

ಮೂರನೆಯದು ತೆಗೆದ ಮೇಲೆ ಅವರ ದನಿ ತಗ್ಗಿತು. "ಮೇಡಂ, ನಿಮ್ಮ ಹಾರ್ಟು ಬಲಗಡೆ ಕಾಣಿಸ್ತಿದೆ. ಹಳೇ ಎಕ್ಸ್‌ರೇ ಏನಾದ್ರೂ ಇದ್ಯಾ?"

ಇತ್ತು. ನಾಲ್ಕು ವರ್ಷದ ಹಿಂದೆ ಅಲ್ಲೇ ತೆಗೆಸಿದ್ದು. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಹೃದಯ ಎಡಗಡೆ, ಎಲ್ಲರಿಗೂ ಇರುವ ಜಾಗದಲ್ಲೇ ಇತ್ತು. ನಾಲ್ಕು ವರ್ಷದಲ್ಲಿ ಈ ಕಡೆಯಿಂದ ಆ ಕಡೆಗೆ ಸರಿದಿದ್ದರೆ ಇನ್ನು ನಾಲ್ಕು ವರ್ಷಕ್ಕೆ ಎಲ್ಲಿರುತ್ತೋ ಅಂತ ಯೋಚಿಸುತ್ತ ನಿಂತೆ. ಅವರು ಫಿಲ್ಮಿನ ಮೂಲೆಯಲ್ಲಿದ್ದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಮೇಡಂ, ಇದನ್ನ ತೆಗೆದಿದ್ದೂ ನಾನೇ. ಅವತ್ತು ಉಲ್ಟಾ ಬಂದಿದೆ ಅಂದ್ಕೊಂಡು ಕಂಪ್ಯೂಟರಲ್ಲಿ ತಿರುಗಿಸಿ, ಸರಿ ಮಾಡಿ ಕೊಟ್ಟಿದ್ದೆ."

ಕೆರೆಯ ಪಕ್ಕದ ಕ್ಯಾಂಪು

ಗಂಡನಿಗೆ ಹೇಗೆ ಹೇಳುವುದು ಅಂತ ನಾನು ಎರಡು ದಿನ ಸುಮ್ಮನಿದ್ದೆ. ನಮ್ಮನೆಯವರಿಗೆ ಬನಶಂಕರಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇದೆ. ಸಂಪಿನ ಮೋಟಾರು, ಬೋರ್‌ವೆಲ್ ಮೋಟಾರು ಬಿಚ್ಚಿ ತಾಮ್ರದ ತಂತಿ ಹೊಸದಾಗಿ ಸುತ್ತಿ ಕೊಡುತ್ತಾರೆ. ಕರೆಂಟಿಗೆ ಹೆದರದ ಮನುಷ್ಯ, ಇಂಜೆಕ್ಷನ್ ಸೂಜಿ ಕಂಡರೆ ಬೆವರುತ್ತಾರೆ.

ಆ ಭಾನುವಾರ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಹತ್ತಿರ ವಾಕಿಂಗ್ ಹೋಗಿದ್ದೆವು. ಅಲ್ಲೊಂದು ಉಚಿತ ಆರೋಗ್ಯ ಕ್ಯಾಂಪು. "ನೀನು ಯಾವಾಗಲೂ ಕೆಮ್ತಾ ಇರ್ತೀಯ, ಒಂದು ಇಸಿಜಿ ಮಾಡಿಸ್ಕೋ," ಅಂತ ಇವರೇ ಕೂರಿಸಿದರು. ಪರದೆಯ ಹಿಂದೆ ವೈರು ಅಂಟಿಸಲು ಬಂದ ಹುಡುಗಿಗೆ ನಾನು ಮೆಲ್ಲಗೆ, "ನನ್ನ ಹಾರ್ಟು ಬಲಗಡೆ ಇದೆಯಂತಮ್ಮ," ಅಂದೆ.

"ಜೋಕ್ ಮಾಡ್ಬೇಡಿ ಆಂಟಿ, ನಕ್ಕರೆ ಗೆರೆ ಅಲ್ಲಾಡುತ್ತೆ."

ಕಾಗದ ಹೊರಗೆ ಬಂತು. ಅದನ್ನು ನೋಡಿದ ಕಿರಿಯ ಡಾಕ್ಟರು ಕುರ್ಚಿಯಿಂದ ಎದ್ದುಬಿಟ್ಟರು. "ಆಂಟಿ, ಏಳ್ಬೇಡಿ. ವೀಲ್‌ಚೇರ್ ತನ್ನಿ." ಹೊರಗೆ ಕಾಯುತ್ತಿದ್ದ ನಮ್ಮನೆಯವರ ಹತ್ತಿರ ಹೋಗಿ, "ಸಾರ್, ಇವ್ರಿಗೆ ಯಾವಾಗ್ಲೋ ಹಾರ್ಟ್ ಅಟ್ಯಾಕ್ ಆಗಿ ಹೋಗಿರೋ ಹಾಗಿದೆ," ಅಂದರು.

ಇವರು ಅಲ್ಲೇ ಕುಸಿದರು. ನನಗೆ ತಂದ ವೀಲ್‌ಚೇರಿನಲ್ಲಿ ಇವರನ್ನು ಕೂರಿಸಿ, ನಾನೇ ತಳ್ಳಿಕೊಂಡು ಒಳಗೆ ತಂದೆ. ಇವರಿಗೂ ಇಸಿಜಿ ಆಯಿತು. ಆಮೇಲೆ ನಾನು ಇನ್ನೊಂದು ಸಲ ಹೇಳಿದೆ. ಡಾಕ್ಟರು ನನ್ನ ಬಲಗಡೆ ಸ್ಟೆತಾಸ್ಕೋಪಿಟ್ಟು ಕೇಳಿದರು, ಹುಡುಗಿಯ ಮುಖ ನೋಡಿದರು, ವೈರುಗಳನ್ನು ಬಲಗಡೆಗೆ ಹಾಕಿಸಿದರು. ನನ್ನದೂ ನಾರ್ಮಲ್, ಇವರದೂ ನಾರ್ಮಲ್.

ಕಣ್ಣು ಬಿಟ್ಟ ಇವರು, "ಅಟ್ಯಾಕ್ ಆಗಿದ್ದು ಯಾರಿಗೆ?" ಅಂತ ಕೇಳಿದರು.

"ಯಾರಿಗೂ ಇಲ್ಲ ಸಾರ್, ಗಾಬರಿ ಬೇಡ. ನಿಮ್ಮ ಮನೆಯವರ ಹಾರ್ಟು ಬಲಗಡೆ ಇದೆ, ಅಷ್ಟೇ."

ಇವರು ಮತ್ತೆ ಕಣ್ಣು ಮುಚ್ಚಿದರು.

ಫೈವ್ ಎಚ್‌ಪಿ

ಆಮೇಲೆ ಎಕ್ಸ್‌ರೇ ಹಿಡಿದುಕೊಂಡು ಹೋದ ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ನನ್ನ ಕೆಮ್ಮು, ಮೂಗು, ಬಲಗಡೆಯ ಗುಂಡಿಗೆ ಮೂರೂ ಸೇರಿ ಒಂದು ಅನುಮಾನ ಬಂತು. ರಕ್ತ ಕೊಟ್ಟು ಜೀನ್ ಟೆಸ್ಟ್ ಮಾಡಿಸಿದೆವು. ರಿಪೋರ್ಟ್ ವಿವರಿಸಲು ಒಬ್ಬರು ಜೆನೆಟಿಕ್ ಕೌನ್ಸೆಲರ್ ಇದ್ದರು, ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಬಹಳ ತಾಳ್ಮೆಯಿಂದ ಚಿತ್ರ ಬರೆದು ತೋರಿಸಿದರು. ಮೂಗಿನಲ್ಲಿ, ಶ್ವಾಸಕೋಶದ ದಾರಿಯಲ್ಲಿ ಜೀವಕೋಶಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿರುತ್ತವೆ. ಅವು ಬೀಸಿ ಬೀಸಿ ಕಫವನ್ನು ಹೊರಗೆ ತಳ್ಳುತ್ತವೆ. ಆ ಕೂದಲನ್ನು ಅಲ್ಲಾಡಿಸಲು ಒಳಗೆ ಡೈನೀನ್ ಎಂಬ ಪ್ರೋಟೀನಿನ ಮೋಟಾರು ಇರುತ್ತದೆ.

ಮೋಟಾರು ಅಂದ ಕೂಡಲೇ, ಅಲ್ಲಿಯವರೆಗೆ ನೆಲ ನೋಡುತ್ತಿದ್ದ ನಮ್ಮನೆಯವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಆ ಮೋಟಾರಿನ ಒಂದು ಭಾಗವನ್ನ ತಯಾರಿಸೋ ಜೀನ್ ಇದು ಸಾರ್. ಡಿಎನ್‌ಎಎಚ್ ಫೈವ್."

"ಫೈವ್ ಎಚ್‌ಪಿ?"

"ಅಲ್ಲ ಸಾರ್, ಅದು ಹೆಸರು."

"ಕಾಯಿಲು ಸುಟ್ಟಿದ್ಯಾ?"

"ಸುಟ್ಟಿಲ್ಲ. ಆ ಭಾಗ ಮಾಡೋ ನಕ್ಷೆಯಲ್ಲೇ ತಪ್ಪಿದೆ. ಅದಕ್ಕೇ ಮೋಟಾರು ಓಡ್ತಿಲ್ಲ."

"ಹಾರ್ಟು ಆ ಕಡೆ ಹೋಗಿದೆ ಅಂದ್ರೆ ಮೋಟಾರು ಉಲ್ಟಾ ತಿರುಗಿರ್ಬೇಕು ಮೇಡಂ. ಎರಡು ಫೇಸ್ ಅದಲುಬದಲಾದ್ರೆ ಹಾಗಾಗುತ್ತೆ."

"ಉಲ್ಟಾ ತಿರುಗಿಲ್ಲ ಸಾರ್, ತಿರುಗಿಯೇ ಇಲ್ಲ. ಮಗು ಹೊಟ್ಟೆಯಲ್ಲಿದ್ದಾಗ ಇಂಥ ಕೂದಲೇ ಸುತ್ತಿ ಎಡ ಯಾವುದು, ಬಲ ಯಾವುದು ಅಂತ ತೀರ್ಮಾನ ಆಗೋದು. ಇವ್ರಲ್ಲಿ ಸುತ್ತಲಿಲ್ಲ. ಆಗ ಕೆಲವರಿಗೆ ಎಲ್ಲಾ ಸರಿಯಾದ ಕಡೆ ಕೂರುತ್ತೆ, ಕೆಲವರಿಗೆ ಹೀಗೆ."

ಇದನ್ನು ಪೂರ್ತಿ ಸರಿಪಡಿಸುವ ಔಷಧಿ ಇನ್ನೂ ಇಲ್ಲ, ದಿನಾ ಹಬೆ ತೆಗೆದುಕೊಂಡು, ವ್ಯಾಯಾಮ ಮಾಡಿ ಕಫ ತೆಗೆಯುತ್ತಿರಬೇಕು ಅಂತ ಅವರು ಹೇಳಿದರು. ಹೊರಗೆ ಬಂದು ಸ್ಕೂಟರ್ ತೆಗೆಯುವಾಗ ಇವರು ಕೀಲಿ ಕೈಯಲ್ಲೇ ಹಿಡಿದು ನಿಂತರು. ಕಣ್ಣು ಒದ್ದೆಯಾಗಿತ್ತು. ನಾನು ಸಮಾಧಾನ ಹೇಳುವಷ್ಟರಲ್ಲಿ ಅವರೇ ಅಂದರು: "ಹದಿನೆಂಟು ವರ್ಷದಿಂದ ಊರವರ ಮೋಟಾರು ರಿಪೇರಿ ಮಾಡ್ತಿದ್ದೀನಿ. ಮನೇಲೇ ಒಂದು ಬಂದ್ ಬಿದ್ದಿದೆ ಅಂತ ಗೊತ್ತೇ ಆಗ್ಲಿಲ್ಲ ನೋಡು."

ಯಾರ ಕಡೆಯಿಂದ

ಈ ದೋಷ ಬರಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಬಂದಿರಬೇಕು. ಸುಬ್ರಹ್ಮಣ್ಯಪುರದಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ಹೇಳಲು ಹೋದೆ. ಅರ್ಧ ಕೇಳಿಸಿಕೊಳ್ಳುವಷ್ಟರಲ್ಲೇ ಅಮ್ಮ ಅಪ್ಪನ ಕಡೆ ತಿರುಗಿದರು.

"ನಿಮ್ಮಮ್ಮನ ಕಡೆಯದ್ದೇ ಇದು. ವರ್ಷಪೂರ್ತಿ ಕೆಮ್ತಿದ್ರು."

ಅಪ್ಪ ಪೇಪರ್ ಮಡಚಿಟ್ಟರು. "ನಮ್ಮಮ್ಮ ಗಟ್ಟಿಮುಟ್ಟಾಗಿದ್ರು. ನಿನ್ನ ಅಜ್ಜಿ ಕಡೆಯಿಂದ ಬಂದಿರೋದು."

ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಅಪ್ಪ ಅಮ್ಮನ ಅಜ್ಜಿಯನ್ನೂ, ಅಮ್ಮ ಅಪ್ಪನ ತಾಯಿಯನ್ನೂ ಬೈದರು. ಕೇಳಿ ಕೇಳಿ ಸಾಕಾಗಿ ನಾನು ಬಾಯಿ ಬಿಟ್ಟೆ. "ಅಮ್ಮಾ, ನೀನು ಮದುವೆಯಾಗಿದ್ದು ನಿನ್ನ ಸೋದರಮಾವನನ್ನ. ಅಪ್ಪನ ಅಮ್ಮನೂ, ನಿನ್ನ ಅಜ್ಜಿಯೂ ಒಬ್ಬರೇ."

ಇಬ್ಬರೂ ನಿಧಾನಕ್ಕೆ ತಲೆಯೆತ್ತಿ ಗೋಡೆಯ ಮೇಲೆ ಹೂವಿನ ಹಾರ ಹಾಕಿದ್ದ ಅಜ್ಜಿಯ ಫೋಟೋ ನೋಡಿದರು. ಪಾಪ ಅಜ್ಜಿಯೊಬ್ಬರ ಮೇಲೆ ಹೊರೆ ಯಾಕೆ ಅಂತ ನಾನು, "ಅಜ್ಜಿಯೇ ಆಗ್ಬೇಕೂಂತಿಲ್ಲ, ತಾತನಿಂದಲೂ ಬಂದಿರಬಹುದು," ಅಂದೆ.

"ಸುಮ್ನಿರು," ಅಂದರು ಅಮ್ಮ. "ತಾತ ದೇವರಂಥ ಮನುಷ್ಯ."

ಹೊಟ್ಟೆಯ ಮೇಲಿನ ಬರಹ

ಹೋದ ವರ್ಷ ಒಂದು ಮಧ್ಯಾಹ್ನ ಹೊಟ್ಟೆಯ ಎಡಗಡೆ ನೋವು ಶುರುವಾಯಿತು. ಸಂಜೆ ನಾಲ್ಕಕ್ಕೆ ನೆಟ್ಟಗೆ ನಿಲ್ಲಲಾಗಲಿಲ್ಲ. ಜೆ.ಪಿ. ನಗರದ ಒಂದು ಆಸ್ಪತ್ರೆಗೆ ಹೋದೆವು. ಡ್ಯೂಟಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಗ್ಯಾಸ್ ಇರ್ಬೇಕು. ಬಲಗಡೆ ಆಗಿದ್ರೆ ಅಪೆಂಡಿಕ್ಸ್ ಅಂತ ಯೋಚಿಸಬಹುದಿತ್ತು," ಅಂದರು.

"ಇವಳಿಗೆ ಬಲಗಡೆ ಇರೋದೆಲ್ಲ ಎಡಗಡೆ ಇದೆ ಡಾಕ್ಟ್ರೇ," ಅಂದರು ನಮ್ಮನೆಯವರು.

"ಗಾಬರಿ ಆಗ್ಬೇಡಿ ಸಾರ್," ಅಂತ ಅವರು ಮಾತ್ರೆ ಬರೆಯಲು ಹೊರಟರು. ಮೆಲ್ಲಗೆ ಮಾತಾಡುವ ನಮ್ಮನೆಯವರು ಅವತ್ತು ಬಾಗಿಲಿಗೆ ಅಡ್ಡ ನಿಂತರು. ಮೊಬೈಲಿನಲ್ಲಿದ್ದ ರಿಪೋರ್ಟ್ ತೋರಿಸಿ, ಸ್ಕ್ಯಾನ್ ಮಾಡುವವರೆಗೆ ಜಾಗ ಬಿಡಲಿಲ್ಲ. ಸ್ಕ್ಯಾನಿನಲ್ಲಿ ಕಂಡಿತು: ಅಪೆಂಡಿಕ್ಸ್ ಊದಿದೆ, ಒಡೆಯುವ ಹಂತಕ್ಕೆ ಬಂದಿದೆ, ಎಡಗಡೆಯೇ ಇದೆ. ಡ್ಯೂಟಿ ಡಾಕ್ಟರು ಓಡಿಹೋಗಿ ಸರ್ಜನ್ ಮೇಡಂ ಅವರನ್ನು ಕರೆತಂದರು. ತಕ್ಷಣ ಆಪರೇಷನ್ ಅಂತ ತೀರ್ಮಾನವಾಯಿತು.

ಆಪರೇಷನ್ ಗೌನು ಹಾಕಿಸಿ, ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ನನಗೆ ಮಂಪರು ಏರುತ್ತಿತ್ತು, ಅದರ ಜೊತೆಗೆ ಭಯ. "ರೀ, ಒಳಗಡೆ ಅವರು ಮರೆತು ಬಲಗಡೆ ಕೊಯ್ದುಬಿಟ್ರೆ?" ಅಂದೆ.

"ನಾನು ನೋಡ್ಕೋತೀನಿ, ನೀನು ಮಲಕ್ಕೋ," ಅಂದರು. ಹೊಟ್ಟೆಯ ಮೇಲೆ ಏನೋ ತಣ್ಣಗೆ ಕಚಗುಳಿ ಇಟ್ಟ ಹಾಗಾಯಿತು. ಆಮೇಲೆ ನೆನಪಿಲ್ಲ.

ಮಾರನೇ ದಿನ ಡ್ರೆಸ್ಸಿಂಗ್ ಬದಲಾಯಿಸಲು ಬಂದ ನರ್ಸ್ ನನ್ನ ಮುಖ ನೋಡಲಾಗದೆ ತುಟಿ ಕಚ್ಚಿಕೊಂಡಿದ್ದರು. ಬಗ್ಗಿ ನೋಡಿಕೊಂಡೆ. ಆಂಟಿಸೆಪ್ಟಿಕ್ ಬಳಿದರೂ ಹೋಗದ ಕಪ್ಪು ಮಾರ್ಕರಿನಲ್ಲಿ ದಪ್ಪ ಬಾಣದ ಗುರುತು. ಅದರ ಪಕ್ಕ, ರಿಪೇರಿಗೆ ಬಂದ ಮೋಟಾರುಗಳ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ, "ಉಲ್ಟಾ ಕನೆಕ್ಷನ್. ಈ ಕಡೆ ಬಿಚ್ಚಿ." ಅದರ ಕೆಳಗೆ, ಕೈ ಅಭ್ಯಾಸದಿಂದ, ಅಂಗಡಿಯ ಹೆಸರು ಮತ್ತು ಫೋನ್ ನಂಬರು.

ಥಿಯೇಟರಿನಲ್ಲಿ ಬಟ್ಟೆ ಸರಿಸಿದಾಗ ಎಲ್ಲರೂ ಬಗ್ಗಿ ಅದನ್ನು ಓದಿದರಂತೆ. ಸರ್ಜನ್ ಮೇಡಂ, "ಸರಿ, ಇವರು ಹೇಳಿದ ಕಡೆಯೇ ಬಿಚ್ಚೋಣ," ಅಂದು ಕೆಲಸ ಶುರು ಮಾಡಿದರಂತೆ. ನಾನು ನಾಚಿಕೆಯಿಂದ ದಿಂಬಿನಲ್ಲಿ ಮುಖ ಮುಚ್ಚಿಕೊಂಡೆ. ಇವರಿಗೆ ಬೈಯಲು ಹೊಲಿಗೆ ಬಿಡಲಿಲ್ಲ, ನಗಲೂ ಬಿಡಲಿಲ್ಲ.

ಮನೆಗೆ ಬಂದ ಮೂರನೇ ದಿನ ಇವರ ಫೋನ್ ಹೊಡೆದುಕೊಂಡಿತು. ಕೈಗೆಲ್ಲ ಗ್ರೀಸಾಗಿದ್ದರಿಂದ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಒಬ್ಬ ಗಂಡಸು ಬಹಳ ಸಂಕೋಚದಿಂದ ಮಾತಾಡಿದರು.

"ನಮಸ್ಕಾರ. ನಮ್ಮ ಮನೆ ಸಂಪಿನ ಮೋಟಾರು ನಿಂತುಹೋಗಿದೆ. ನಿಮ್ಮ ನಂಬರ್ ನಮ್ಮ ಮಿಸೆಸ್ ಕೊಟ್ರು. ಅವ್ರು ಸರ್ಜನ್ನು. ಎಲ್ಲಿ ಸಿಕ್ತು ಅಂತ ಕೇಳಿದ್ರೆ, ಒಬ್ಬರ ಹೊಟ್ಟೆ ಮೇಲಿತ್ತು ಅಂತಾರೆ. ನಾನು ಸರಿಯಾದ ಕಡೆಗೇ ಫೋನ್ ಮಾಡಿದ್ದೀನಾ ಸಾರ್?"